ಟ್ಯಾಂಕಿನಲ್ಲಿ ನೀರು: ಎಷ್ಟು ಎಂದು ಕೇಳದೆ ಮದ್ದು ಹೇಳಲಾಗದು

ಟ್ಯಾಂಕ್ ತುಂಬಿಸಿಕೊಂಡು ಹೊರಟ ಕಾರು ಎರಡು ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಗ್ಗರಿಸತೊಡಗುತ್ತದೆ. ಆಕ್ಸಿಲರೇಟರ್ ಒತ್ತಿದರೂ ವೇಗ ಏರುವುದಿಲ್ಲ, ಸಿಗ್ನಲ್ ಬಳಿ ನಿಂತಾಗ ಎಂಜಿನ್ ಆಫ್ ಆಗುತ್ತದೆ, ಮತ್ತೆ ಸ್ಟಾರ್ಟ್ ಆಗದೆ ಹಟ ಹಿಡಿಯುತ್ತದೆ. ಇಂಧನಕ್ಕೆ ನೀರು ಸೇರಿರಬಹುದೆಂಬ ಅನುಮಾನ ಇಂಥ ಹೊತ್ತಿನಲ್ಲಿ ಹುಟ್ಟುವುದು ಸಹಜ. ಆದರೆ ಆಮೇಲೆ ಸಿಗುವ ಸಲಹೆಗಳು ಹೆಚ್ಚಾಗಿ ಎರಡು ತುದಿಗಳಲ್ಲಿರುತ್ತವೆ. ಇಂಧನಕ್ಕೆ ಬೆರೆಸುವ ಅಡಿಟಿವ್ ದ್ರವ ಒಂದು ಬಾಟಲಿ ಸುರಿದು ಓಡಿಸಿದರೆ ತಾನಾಗಿ ಸರಿಹೋಗುತ್ತದೆ ಎನ್ನುವವರು ಒಂದು ಕಡೆ. ಟ್ಯಾಂಕ್ ಇಳಿಸಿ, ಪಂಪು, ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳನ್ನೆಲ್ಲ ಬದಲಾಯಿಸಲೇಬೇಕು ಎನ್ನುವವರು ಇನ್ನೊಂದು ಕಡೆ. ಎರಡೂ ಸಲಹೆಗಳು ಕೆಲವು ಸಂದರ್ಭಗಳಲ್ಲಿ ಸರಿಯೇ. ಎರಡರ ದೋಷವೂ ಒಂದೇ: ಒಳಗೆ ಎಷ್ಟು ನೀರಿದೆ, ಅದು ಯಾವ ಇಂಧನದೊಳಗೆ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಕೇಳುವ ಮೊದಲೇ ಅವು ಮದ್ದು ಹೇಳಿಬಿಡುತ್ತವೆ.

ಈ ಪ್ರಶ್ನೆ ಹಳೆಯದಾದರೂ ಈಗ ಅದರ ಲೆಕ್ಕ ಬದಲಾಗಿದೆ. ಹಲವು ದೇಶಗಳಲ್ಲಿ ಪೆಟ್ರೋಲ್ ಎಂದರೆ ಈಗ ಬರೀ ಪೆಟ್ರೋಲ್ ಅಲ್ಲ, ಎಥನಾಲ್ ಎಂಬ ಆಲ್ಕೊಹಾಲ್ ಬೆರೆತ ದ್ರಾವಣ. ಬ್ರಿಟನ್ 2021ರ ಸೆಪ್ಟೆಂಬರ್‌ನಲ್ಲಿ ಶೇ 10ರವರೆಗೆ ಎಥನಾಲ್ ಇರುವ ಇ10 ಪೆಟ್ರೋಲನ್ನು ಸಾಮಾನ್ಯ ದರ್ಜೆಯಾಗಿ ಮಾಡಿಕೊಂಡಿತು. ಬ್ರೆಜಿಲ್ 2025ರ ಆಗಸ್ಟ್‌ನಿಂದ ಬೆರಕೆಯ ಪ್ರಮಾಣವನ್ನು ಶೇ 30ಕ್ಕೆ ಏರಿಸಿತು. ಎಥನಾಲ್ ನೀರಿನೊಂದಿಗೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ, ಪೆಟ್ರೋಲ್ ಹಾಗೆ ಬೆರೆಯುವುದಿಲ್ಲ. ಈ ಮೂರೂ ಒಂದೇ ಟ್ಯಾಂಕಿನಲ್ಲಿ ಸೇರಿದಾಗ ಏನಾಗುತ್ತದೆ ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ.

ಎಥನಾಲ್ ಇಲ್ಲದ ಪೆಟ್ರೋಲಿನ ವಿಷಯ ಸರಳ. ಒಂದು ಲೀಟರ್ ಪೆಟ್ರೋಲ್ ಸುಮಾರು 720ರಿಂದ 775 ಗ್ರಾಂ ತೂಗಿದರೆ, ಡೀಸೆಲ್ 820ರಿಂದ 845 ಗ್ರಾಂ, ನೀರು 1,000 ಗ್ರಾಂ ತೂಗುತ್ತದೆ. ಹಾಗಾಗಿ ಹೊರಗಿನಿಂದ ಬಂದ ನೀರು ಟ್ಯಾಂಕಿನ ತಳ ಸೇರುತ್ತದೆ. ಇಂಧನದ ಕೊನೆಯ ಹನಿಯವರೆಗೂ ಎಳೆದುಕೊಳ್ಳಲೆಂದು ಪಂಪಿನ ಬಾಯಿಯನ್ನು ಇಟ್ಟಿರುವುದೂ ಆ ತಳದಲ್ಲೇ. ಸಾಮಾನ್ಯ ತಾಪಮಾನದಲ್ಲಿ ಪೆಟ್ರೋಲ್ ತನ್ನೊಳಗೆ ಕರಗಿಸಿಕೊಳ್ಳಬಲ್ಲ ನೀರು ಹತ್ತು ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. 40 ಲೀಟರಿನ ತುಂಬಿದ ಟ್ಯಾಂಕಿಗೆ ಲೆಕ್ಕ ಹಾಕಿದರೆ ಚಿಕ್ಕ ಚಮಚ ಒಂದೋ ಒಂದೂವರೆಯೋ. ಅದಕ್ಕಿಂತ ಹೆಚ್ಚಿದ್ದದ್ದೆಲ್ಲ ಬೇರೆ ಪದರವಾಗಿ ಕೆಳಗೆ ಕೂರುತ್ತದೆ.

ಇ10 ಇಂಧನದಲ್ಲಿ ಈ ಮಿತಿ ಬಹಳ ದೊಡ್ಡದು. ಸುಮಾರು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ತನ್ನ ಗಾತ್ರದ ಶೇ 0.5ರಷ್ಟು ನೀರನ್ನು ಕರಗಿಸಿಕೊಂಡು ತಿಳಿಯಾಗಿಯೇ ಇರಬಲ್ಲದು. ಅಂದರೆ 40 ಲೀಟರಿಗೆ 200 ಮಿಲಿಲೀಟರ್, ಒಂದು ಲೋಟ. ಎಥನಾಲಿನ ಪಾಲು ಹೆಚ್ಚಿದಂತೆ ಈ ಸಹನೆಯೂ ಹೆಚ್ಚುತ್ತದೆ. ಇಷ್ಟನ್ನೇ ನೋಡಿದರೆ ಎಥನಾಲ್ ಒಳ್ಳೆಯದನ್ನೇ ಮಾಡಿದೆ ಎನಿಸುತ್ತದೆ, ಮಿತಿಯೊಳಗೆ ಇರುವವರೆಗೆ ಅದು ನಿಜವೂ ಹೌದು: ಕರಗಿದ ನೀರು ಇಂಧನದ ಜೊತೆಯಲ್ಲೇ ಎಂಜಿನ್ನಿಗೆ ಹೋಗಿ ಆವಿಯಾಗಿ ಹೊರಬೀಳುತ್ತದೆ, ಚಾಲಕನಿಗೆ ಗೊತ್ತೂ ಆಗುವುದಿಲ್ಲ. ಮಿತಿ ದಾಟಿದ ಕ್ಷಣದಲ್ಲಿ ಆಗುವುದೇ ಬೇರೆ. ಹೆಚ್ಚಾದ ನೀರು ತಾನೊಂದೇ ಕೆಳಗಿಳಿಯುವುದಿಲ್ಲ. ಬೆರೆತಿದ್ದ ಎಥನಾಲಿನ ದೊಡ್ಡ ಪಾಲನ್ನೂ ತನ್ನ ಜೊತೆ ಎಳೆದುಕೊಂಡು ಇಳಿಯುತ್ತದೆ. ಆಗ ತಳದಲ್ಲಿ ಕೂರುವ ಪದರ, ಸುರಿದ ನೀರಿಗಿಂತ ಹಲವು ಪಟ್ಟು ದೊಡ್ಡದಾಗಿರುತ್ತದೆ. ಮೇಲೆ ಉಳಿದ ಪೆಟ್ರೋಲ್, ಎಥನಾಲ್ ಕೊಡುತ್ತಿದ್ದ ಆಕ್ಟೇನ್ ಬಲವನ್ನು, ಅಂದರೆ ಹೊತ್ತಿಗೆ ಮೊದಲೇ ಉರಿದು ಎಂಜಿನ್ ಬಡಿದುಕೊಳ್ಳದಂತೆ ತಡೆಯುವ ಗುಣವನ್ನು, ಕಳೆದುಕೊಂಡು ಕೆಳದರ್ಜೆಯದಾಗುತ್ತದೆ. ಒಟ್ಟಿನಲ್ಲಿ ಟ್ಯಾಂಕಿನಲ್ಲಿರುವ ಎರಡು ಪದರಗಳಲ್ಲಿ ಯಾವುದೂ ಎಂಜಿನ್ ತಯಾರಕರು ಬಯಸಿದ ಇಂಧನವಲ್ಲ.

ತಾಪಮಾನವೂ ಇಲ್ಲಿ ಕೈಯಾಡಿಸುತ್ತದೆ. ಇಂಧನ ತಣ್ಣಗಾದಷ್ಟೂ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರು ಕಡಿಮೆಯಾಗುವುದರಿಂದ, ಮಧ್ಯಾಹ್ನ ಮಿತಿಯ ಅಂಚಿನಲ್ಲಿ ತಿಳಿಯಾಗಿದ್ದ ಮಿಶ್ರಣ ರಾತ್ರಿಯ ಚಳಿಗೆ ಒಡೆದು ಎರಡಾಗಬಹುದು. ನಿನ್ನೆ ಸಂಜೆ ಚೆನ್ನಾಗಿಯೇ ಓಡಿದ ಕಾರು ಇಂದು ಬೆಳಿಗ್ಗೆ ಸ್ಟಾರ್ಟ್ ಆಗದಿರುವುದಕ್ಕೆ ಇದೂ ಒಂದು ಕಾರಣ. ವಿಮಾನಯಾನದವರು ಈ ಪಾಠವನ್ನು ಬಲು ಕಠಿಣವಾಗಿ ಕಲಿತರು. 2008ರ ಜನವರಿ 17ರಂದು ಬೀಜಿಂಗ್‌ನಿಂದ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ವಿಮಾನ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ರನ್‌ವೇ ತಲುಪುವ ಮೊದಲೇ ನೆಲಕ್ಕಪ್ಪಳಿಸಿತು. ಅದರ ಇಂಧನ ನಿಗದಿತ ಗುಣಮಟ್ಟಕ್ಕೆ ತಕ್ಕುದಾಗಿಯೇ ಇತ್ತು. ಆದರೂ ಅದರಲ್ಲಿ ಸಹಜವಾಗಿದ್ದ ಅಲ್ಪ ನೀರು ದೀರ್ಘ ಹಾರಾಟದ ಚಳಿಯಲ್ಲಿ ಮಂಜುಗಡ್ಡೆಯಾಗಿ, ಕೊನೆಯ ಕ್ಷಣಗಳಲ್ಲಿ ಎಂಜಿನ್ನುಗಳಿಗೆ ಹೋಗುವ ಇಂಧನದ ದಾರಿಯನ್ನು ಕಟ್ಟಿತ್ತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಕಾರಿನಲ್ಲಿ ಪಣಕ್ಕಿರುವುದು ಅಷ್ಟು ದೊಡ್ಡದಲ್ಲವಾದರೂ ನೀರಿನ ಸ್ವಭಾವ ಒಂದೇ.

ನೀರು ಬರುವುದು ಎಲ್ಲಿಂದ?

ಬಹುತೇಕರ ಬಾಯಲ್ಲಿ ಮೊದಲು ಬರುವ ಉತ್ತರ, ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ಹನಿಗಟ್ಟಿ ನೀರಾಗುತ್ತದೆ ಎಂಬುದು. ಮಾತು ಸುಳ್ಳಲ್ಲ, ಆದರೆ ಅದಕ್ಕೆ ಸಲ್ಲುತ್ತಿರುವ ಮಹತ್ವ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. 30 ಡಿಗ್ರಿಯಲ್ಲಿ ತೇವ ಪೂರ್ತಿ ತುಂಬಿಕೊಂಡ ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ನೀರಾವಿ ಸುಮಾರು 30 ಗ್ರಾಂ. ಒಂದು ಘನ ಮೀಟರ್ ಎಂದರೆ 1,000 ಲೀಟರ್. ಪೂರ್ತಿ ಖಾಲಿಯಾದ 40 ಲೀಟರಿನ ಟ್ಯಾಂಕಿನಲ್ಲಿ ಅಂಥ ಗಾಳಿ ತುಂಬಿದ್ದರೂ ಅದರಲ್ಲಿರುವ ನೀರು ಒಂದೂಕಾಲು ಗ್ರಾಮಿನಷ್ಟು. ಅದು 15 ಡಿಗ್ರಿಗೆ ತಣ್ಣಗಾದಾಗ ಹನಿಗಟ್ಟುವುದು ಒಂದು ಗ್ರಾಮಿಗೂ ಕಡಿಮೆ. ಅಷ್ಟೇ ಅಲ್ಲ, ನಿಂತ ಕಾರಿನ ಟ್ಯಾಂಕಿನೊಳಗಿನ ಗಾಳಿ ದಿನವೂ ಪೂರ್ತಿ ಬದಲಾಗುವುದಿಲ್ಲ. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವಾಗ ಅದರ ಒಂದು ಸಣ್ಣ ಪಾಲು ಮಾತ್ರ ಹೋಗಿಬರುತ್ತದೆ. ಇಂದಿನ ಕಾರುಗಳಲ್ಲಂತೂ ಇಂಧನದ ಆವಿ ಹೊರಹೋಗದಂತೆ ಟ್ಯಾಂಕನ್ನು ಮುಚ್ಚಿ, ಇದ್ದಿಲು ತುಂಬಿದ ಡಬ್ಬಿಯ ಮೂಲಕವಷ್ಟೇ ಅದಕ್ಕೆ ಉಸಿರಾಡಲು ಬಿಟ್ಟಿರುತ್ತಾರೆ. ದಿನಕ್ಕೆ ಒಂದು ಗ್ರಾಂ ಎಂದು ಉದಾರವಾಗಿ ಲೆಕ್ಕ ಹಾಕಿದರೂ ಒಂದು ಲೋಟ ನೀರು ಕೂಡಲು ಆರು ತಿಂಗಳಿಗೂ ಹೆಚ್ಚು ಬೇಕು. ತಿಂಗಳುಗಟ್ಟಲೆ ನಿಂತಿರುವ ದೋಣಿ, ಜನರೇಟರ್, ತೆರೆದ ಉಸಿರು ಕೊಳವೆಯಿರುವ ದೊಡ್ಡ ಸಂಗ್ರಹ ಟ್ಯಾಂಕುಗಳಲ್ಲಿ ಇದು ನಿಜವಾದ ತೊಂದರೆಯೇ. ವಾರಕ್ಕೊಮ್ಮೆ ಇಂಧನ ಹಾಕಿಸಿಕೊಂಡು ಓಡುವ ಕಾರಿನಲ್ಲಿ ಲೋಟಗಟ್ಟಲೆ ನೀರು ಸಿಕ್ಕರೆ ಅದಕ್ಕೆ ರಾತ್ರಿಯ ಗಾಳಿಯನ್ನು ದೂರುವುದು ಸರಿಯಲ್ಲ.

ಹಾಗಾದರೆ ಉಳಿಯುವ ದಾರಿಗಳು ಕೆಲವೇ. ಮೊದಲನೆಯದು ಬಂಕಿನ ನೆಲದಡಿಯ ಟ್ಯಾಂಕ್. ಇಂಧನ ಇಳಿಸುವ ಬಾಯಿಯ ಮುಚ್ಚಳ ಸಡಿಲವಿದ್ದರೆ, ಅದರ ಸುತ್ತಲಿನ ಗುಂಡಿಯಲ್ಲಿ ಮಳೆನೀರು ನಿಂತರೆ, ಟ್ಯಾಂಕಿನಲ್ಲೋ ಪೈಪಿನಲ್ಲೋ ಬಿರುಕಿದ್ದರೆ ನೀರು ಒಳಗಿಳಿಯುತ್ತದೆ. ಇದು ಗೊತ್ತಿರುವುದರಿಂದಲೇ ಅಲ್ಲಿ ಇಂಧನ ಎಳೆಯುವ ಕೊಳವೆಯನ್ನು ತಳಕ್ಕೆ ತಾಗಿಸದೆ ಕೆಲವು ಸೆಂಟಿಮೀಟರ್ ಎತ್ತರದಲ್ಲಿ ಇಡುತ್ತಾರೆ. ಅಳತೆಕೋಲಿನ ತುದಿಗೆ ನೀರು ತಗುಲಿದರೆ ಬಣ್ಣ ಬದಲಾಗುವ ಪೇಸ್ಟ್ ಹಚ್ಚಿ ತಳದಲ್ಲಿ ಎಷ್ಟು ನೀರಿದೆ ಎಂದು ನೋಡುತ್ತಾರೆ. ನೀರಿನ ಮಟ್ಟ ಆ ಎತ್ತರವನ್ನು ಮೀರಿದಾಗ, ಇಲ್ಲವೇ ಟ್ಯಾಂಕರ್ ಲಾರಿ ಇಂಧನ ಇಳಿಸುವ ರಭಸಕ್ಕೆ ತಳ ಕದಡಿದಾಗ, ನೀರು ಗ್ರಾಹಕರ ಟ್ಯಾಂಕಿಗೆ ಬರುತ್ತದೆ. ಟ್ಯಾಂಕರ್ ಇಳಿಸುತ್ತಿರುವಾಗ ಇಂಧನ ಹಾಕಿಸಬೇಡಿ ಎಂಬ ಹಳೆಯ ಬುದ್ಧಿಮಾತಿಗೆ ಇಷ್ಟರಮಟ್ಟಿಗೆ ಆಧಾರವಿದೆ. ಎಥನಾಲ್ ಇಂಧನದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಒಡೆದು ಕೆಳಗಿಳಿದ ಪದರದಲ್ಲಿ ನೀರಿಗಿಂತ ಎಥನಾಲೇ ಹೆಚ್ಚಿರುವ ಕಾರಣ ಬರೀ ಪೆಟ್ರೋಲಿಗೆಂದು ತಯಾರಾದ ಹಳೆಯ ಪೇಸ್ಟ್ ಅದನ್ನು ಸರಿಯಾಗಿ ತೋರಿಸದಿರಬಹುದು, ಅದಕ್ಕೆ ಬೇರೆಯದೇ ಪೇಸ್ಟ್ ಬೇಕು.

ಎರಡನೆಯದು ಕಾರಿನದೇ ದೋಷ: ಮುಚ್ಚಳದ ರಬ್ಬರ್ ಸವೆದಿರುವುದು, ಇಂಧನ ಹಾಕುವ ಕೊಳವೆ ತುಕ್ಕು ಹಿಡಿದಿರುವುದು, ಮುಚ್ಚಳದ ಬಟ್ಟಲಿನಿಂದ ನೀರು ಹೊರಹೋಗುವ ಸಣ್ಣ ರಂಧ್ರ ಕಸದಿಂದ ಮುಚ್ಚಿಹೋಗಿರುವುದು. ಮೂರನೆಯದು ನೆರೆ. ಮುಳುಗಿದ ಕಾರಿನಲ್ಲಿ ಟ್ಯಾಂಕಿನ ಉಸಿರು ಕೊಳವೆಯ ಮೂಲಕ ನೀರು ಒಳಬರಬಹುದು. ಆದರೆ ಅಂಥ ಕಾರಿನಲ್ಲಿ ಅದಕ್ಕಿಂತ ದೊಡ್ಡ ಅಪಾಯ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿರುತ್ತದೆ: ಅಲ್ಲಿಂದ ಸಿಲಿಂಡರಿಗೆ ನೀರು ನುಗ್ಗಿದ್ದಾಗ ಎಂಜಿನ್ ತಿರುಗಿಸಿದರೆ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಇವೆರಡನ್ನೂ ಜನ ಒಂದೇ ಎಂದು ಬೆರೆಸಿ ಮಾತನಾಡುತ್ತಾರೆ. ಟ್ಯಾಂಕಿನ ನೀರಿನಿಂದ ರಾಡ್ ಬಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಎಂಜಿನ್ನಿಗೆ ಆಗುವುದೇನು?

ನೀರು ಎಂಜಿನ್ನಿಗೆ ಸ್ವತಃ ವಿಷವಲ್ಲ. ಎರಡನೇ ಮಹಾಯುದ್ಧದ ಯುದ್ಧವಿಮಾನಗಳಲ್ಲಿ, ಬಡಿತ ತಡೆದು ಹೆಚ್ಚು ಶಕ್ತಿ ಪಡೆಯಲೆಂದು ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಅಳತೆಯಿಟ್ಟು ಸಿಂಪಡಿಸುತ್ತಿದ್ದರು. ಅಲ್ಲಿ ನೀರು ಇಂಧನದ ಜೊತೆಗೆ ಹೋಗುತ್ತಿತ್ತು; ಕೆಟ್ಟ ಟ್ಯಾಂಕಿನಿಂದ ಅದು ಇಂಧನದ ಬದಲಿಗೆ ಬರುತ್ತದೆ. ಇಷ್ಟು ಮಿಲಿಸೆಕೆಂಡ್ ತೆರೆದರೆ ಇಷ್ಟು ಪೆಟ್ರೋಲ್ ಬರುತ್ತದೆ ಎಂಬ ಲೆಕ್ಕದಲ್ಲಿ ಇಂಜೆಕ್ಟರ್ ತೆರೆದಾಗ ಉರಿಯದ ದ್ರವ ಬಂದರೆ ಆ ಸಿಲಿಂಡರ್ ಆ ಸುತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಮೆಕ್ಯಾನಿಕ್ ಭಾಷೆಯಲ್ಲಿ ಹೇಳುವುದಾದರೆ ಗಾಡಿ ‘ಮಿಸ್ಸಿಂಗ್’ ಹೊಡೆಯುತ್ತದೆ. ಪೆಟ್ರೋಲ್ ಕಾರಿನಲ್ಲಿ ನೀರನ್ನು ಬೇಗ ತೆಗೆದರೆ ಹೆಚ್ಚಿನ ಪಾಲು ಶಾಶ್ವತ ಹಾನಿ ಆಗುವುದಿಲ್ಲ. ತೆಗೆಯದೆ ವಾರಗಟ್ಟಲೆ ಬಿಟ್ಟರೆ ಪಂಪು, ಗೇಜಿನ ಸೆನ್ಸರ್, ಇಂಧನದ ಕೊಳವೆಗಳು ತುಕ್ಕು ಹಿಡಿಯುತ್ತವೆ. ಟ್ಯಾಂಕ್ ಪ್ಲಾಸ್ಟಿಕ್ ಆಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ, ಏಕೆಂದರೆ ಅದರೊಳಗಿನ ಸಾಮಾನುಗಳು ಲೋಹದವೇ. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಹೊಸ ಪೆಟ್ರೋಲ್ ಎಂಜಿನ್ನುಗಳಲ್ಲಿ ಒತ್ತಡ 200ರಿಂದ 350 ಬಾರ್‌ವರೆಗೆ (ಒಂದು ಬಾರ್ ಎಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಇರುವುದರಿಂದ ಅವುಗಳ ಅಧಿಕ ಒತ್ತಡದ ಪಂಪು ಹಳೆಯ ಎಂಜಿನ್ನಿನ ಪಂಪಿಗಿಂತ ನಾಜೂಕು.

ಡೀಸೆಲ್ ಎಂಜಿನ್ನಿನ ಮಾತು ಬೇರೆ. ಅಲ್ಲಿ ಇಂಧನವೇ ಪಂಪಿಗೂ ಇಂಜೆಕ್ಟರಿಗೂ ಎಣ್ಣೆಯ ಜಾರುತನ ಕೊಡಬೇಕು. ‘ರೈಲು’ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಇಂಧನ ಹಂಚುವ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ 2,000 ಬಾರ್ ಮುಟ್ಟುತ್ತದೆ, ಮೀರುವುದೂ ಉಂಟು; ಒಂದರೊಳಗೊಂದು ಜಾರುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಆ ಸಂದಿಗೆ ನೀರು ಬಂದರೆ ಜಾರುತನ ಹೋಗಿ ಲೋಹ ಲೋಹವನ್ನು ಉಜ್ಜುತ್ತದೆ. ಬಿಸಿಯಾದ ಇಂಜೆಕ್ಟರಿನ ತುದಿಯಲ್ಲಿ ನೀರು ಹಠಾತ್ತನೆ ಆವಿಯಾಗಿ ಹಿಗ್ಗಿದರೆ ತುದಿಯೇ ಕಿತ್ತುಬರಬಹುದು. ಉಜ್ಜಿ ಉದುರಿದ ಲೋಹದ ಪುಡಿ ಇಡೀ ವ್ಯವಸ್ಥೆಯಲ್ಲಿ ಹರಡುವುದರಿಂದ ಪೆಟ್ರೋಲ್ ಕಾರಿನಲ್ಲಿ ಒಂದು ದಿನದ ಕೆಲಸವಾಗಿ ಮುಗಿಯುವುದು ಇಲ್ಲಿ ಪಂಪು, ರೈಲು, ಇಂಜೆಕ್ಟರುಗಳೆಲ್ಲವನ್ನೂ ಬದಲಾಯಿಸುವವರೆಗೆ ಬೆಳೆಯಬಲ್ಲದು. ಯುರೋಪಿನ ಇಎನ್ 590 ಮಾನದಂಡ ಒಂದು ಕಿಲೋ ಡೀಸೆಲಿನಲ್ಲಿ 200 ಮಿಲಿಗ್ರಾಂ ನೀರಿಗಷ್ಟೇ ಅವಕಾಶ ಕೊಡುತ್ತದೆ. 50 ಲೀಟರಿನ ಟ್ಯಾಂಕಿಗೆ ಅದು ಎಂಟು ಗ್ರಾಮಿನ ಆಸುಪಾಸು. ಇದಲ್ಲದೆ ಡೀಸೆಲ್ ಮತ್ತು ನೀರು ಸಂಧಿಸುವ ಗಡಿಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆಯುತ್ತವೆ. ಅವು ಇಂಧನವನ್ನೇ ತಿಂದು, ನೀರಿನಲ್ಲಿ ಬದುಕಿ, ಆಮ್ಲವನ್ನೂ ಕಪ್ಪು ಲೋಳೆಯನ್ನೂ ಬಿಡುತ್ತವೆ. ಪದೇ ಪದೇ ಕಟ್ಟಿಕೊಳ್ಳುವ ಫಿಲ್ಟರಿನಲ್ಲಿ ಇಂಥ ಲೋಳೆ ಕಂಡರೆ ಫಿಲ್ಟರ್ ಬದಲಾಯಿಸಿ ಪ್ರಯೋಜನವಿಲ್ಲ, ತಳದ ನೀರನ್ನು ತೆಗೆಯಬೇಕು.

ಡೀಸೆಲ್ ಕಾರಿಗೆ ಇರುವ ಒಂದು ಅನುಕೂಲವೆಂದರೆ ಫಿಲ್ಟರಿನ ತಳದಲ್ಲಿ ನೀರು ಬೇರ್ಪಡಿಸುವ ಬಟ್ಟಲು. ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಡೀಸೆಲಿನಲ್ಲಿ ಹರಿಯುವುದಿಲ್ಲ. ಬಟ್ಟಲಿನ ಸೆನ್ಸರ್ ಈ ವ್ಯತ್ಯಾಸವನ್ನು ಗುರುತಿಸಿ ಡ್ಯಾಶ್‌ಬೋರ್ಡಿನ ದೀಪ ಹಚ್ಚುತ್ತದೆ. ಈ ದೀಪವನ್ನು ಮುಂದಿನ ಸರ್ವಿಸ್‌ವರೆಗೆ ನೋಡಿಕೊಳ್ಳೋಣ ಎಂದು ಬಿಡುವುದು ದುಬಾರಿ ತಪ್ಪು. ಎಂಜಿನ್ ಆಫ್ ಮಾಡಿ, ತಳದ ಸ್ಕ್ರೂ ಸಡಿಲಿಸಿ, ಶುದ್ಧ ಡೀಸೆಲ್ ಬರುವವರೆಗೆ ನೀರನ್ನು ಪಾತ್ರೆಗೆ ಇಳಿಸಿಕೊಂಡರೆ ಅಲ್ಪ ನೀರಿನ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಖಾಲಿ ಮಾಡಿದ ಸ್ವಲ್ಪ ಹೊತ್ತಿನಲ್ಲೇ ದೀಪ ಮತ್ತೆ ಹೊತ್ತಿದರೆ ನೀರು ಟ್ಯಾಂಕಿನಲ್ಲೇ ತುಂಬಿದೆ ಎಂದರ್ಥ.

ಅನುಮಾನದಿಂದ ಖಾತ್ರಿಯ ಕಡೆಗೆ

ಜರ್ಕ್, ಮಿಸ್ಸಿಂಗ್, ಸ್ಟಾರ್ಟಿಂಗ್ ತೊಂದರೆ ಇವೆಲ್ಲ ಕಟ್ಟಿಕೊಂಡ ಫಿಲ್ಟರ್, ಸೋತ ಪಂಪು, ಕೆಟ್ಟ ಇಗ್ನಿಷನ್ ಕಾಯಿಲ್‌ನಿಂದಲೂ ಬರುತ್ತವೆ. ಸ್ಕ್ಯಾನರ್ ಹಚ್ಚಿದರೆ ಪಿ0300 ಅಥವಾ ಪಿ0171 ಎಂಬಂಥ ಕೋಡ್ ಸಿಗಬಹುದು. ಅವು ಸಿಲಿಂಡರುಗಳು ಸರಿಯಾಗಿ ಉರಿಯುತ್ತಿಲ್ಲ, ಇಂಧನದ ಪ್ರಮಾಣ ಸಾಲುತ್ತಿಲ್ಲ ಎಂದಷ್ಟೇ ಹೇಳುತ್ತವೆ, ನೀರಿದೆ ಎನ್ನುವುದಿಲ್ಲ. ನೀರಿನ ಕಡೆಗೆ ಬಲವಾಗಿ ಬೆರಳು ತೋರುವುದು ಸಮಯ: ಇಂಧನ ಹಾಕಿಸಿದ ಸ್ವಲ್ಪ ಹೊತ್ತಿಗೇ, ಕಾರು ತೊಳೆದ ಮೇಲೆ, ಜೋರು ಮಳೆಯ ಮರುದಿನ ಶುರುವಾದ ತೊಂದರೆ.

ಖಾತ್ರಿ ಮಾಡಿಕೊಳ್ಳಲು ಒಂದೇ ದಾರಿ, ತಳದಿಂದ ತೆಗೆದ ಮಾದರಿ. ಮೇಲಿನಿಂದ ತೆಗೆದದ್ದು ಎಷ್ಟೇ ತಿಳಿಯಾಗಿದ್ದರೂ ಏನನ್ನೂ ಹೇಳುವುದಿಲ್ಲ. ಪಾರದರ್ಶಕ ಗಾಜಿನ ಜಾಡಿಯಲ್ಲಿ ಅರ್ಧ ಗಂಟೆ ಅಲುಗಿಸದೆ ಇಟ್ಟರೆ ಪದರಗಳ ನಡುವಿನ ಗೆರೆ ಕಾಣುತ್ತದೆ. ಎಥನಾಲ್ ಇಂಧನದಲ್ಲಿ ಮಾತ್ರ ಮೋಸ ಹೋಗುವ ಒಂದು ಸಂದರ್ಭವಿದೆ. ಒಡೆದ ಮಿಶ್ರಣದ ತಳದ ಪದರ ಸಾಕಷ್ಟು ದಪ್ಪವಿದ್ದರೆ ಜಾಡಿಗೆ ಬಂದದ್ದೆಲ್ಲ ಅದೇ ಆಗಿರಬಹುದು. ಆಗ ಗೆರೆಯೇ ಇರುವುದಿಲ್ಲ, ತಿಳಿಯಾದ ದ್ರವ ಕಂಡು ಪೆಟ್ರೋಲ್ ಚೆನ್ನಾಗಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಅದನ್ನು ಬಿಡಿಸಲು ಮಾದರಿಯ ಒಂದು ಭಾಗಕ್ಕೆ, ಇಂಧನ ಕರಗಿಸಿಕೊಳ್ಳಬಲ್ಲ ಮಿತಿಯನ್ನು ಮೀರುವಷ್ಟು ನೀರು ಹಾಕಿದರೆ ಸಾಕು. ಪೆಟ್ರೋಲ್ ಆಗಿದ್ದರೆ ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ. ಎಥನಾಲ್ ಬೆರೆತ ನೀರಾಗಿದ್ದರೆ ಹಾಕಿದ ನೀರು ಅದರಲ್ಲಿ ಬೆರೆತು ಕಾಣದಾಗುತ್ತದೆ.

ಇನ್ನು ಚಿಕಿತ್ಸೆ. ಅನುಮಾನ ಬಂದ ಕೂಡಲೇ ಎಂಜಿನ್ ಆಫ್ ಮಾಡಿ, ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ನೋಡುವುದನ್ನು ಬಿಡಬೇಕು. ಹಲವು ಕಾರುಗಳಲ್ಲಿ ಕೀ ಆನ್ ಮಾಡಿದರೆ ಸಾಕು, ಪಂಪು ಓಡತೊಡಗಿ ಇನ್ನಷ್ಟು ನೀರನ್ನು ಕೊಳವೆಗೆ ತಳ್ಳುತ್ತದೆ. ಡೀಸೆಲ್ ಕಾರನ್ನಂತೂ ಎಳೆಸಿಕೊಂಡು ಹೋಗುವುದೇ ಸರಿ.

ಅಡಿಟಿವ್ ಬಾಟಲಿಗಳ ಬಗ್ಗೆ ತೀರ್ಪು ಕೊಡಲು ಮೇಲಿನ ಲೆಕ್ಕವೇ ಸಾಕು. ಪೆಟ್ರೋಲಿಗೆ ಸಿಗುವ ಇಂಥ ದ್ರವಗಳಲ್ಲಿ ಹೆಚ್ಚಿನವು ಐಸೊಪ್ರೊಪೈಲ್ ಆಲ್ಕೊಹಾಲ್ ಆಧರಿಸಿದವು. ಅವು ನೀರನ್ನು ಪೆಟ್ರೋಲಿನಲ್ಲಿ ಕರಗುವಂತೆ ಮಾಡುತ್ತವೆ. ಎಥನಾಲ್ ಇಲ್ಲದ ಪೆಟ್ರೋಲಿನ ತಳದಲ್ಲಿ ಒಂದೆರಡು ಚಮಚ ನೀರಿದ್ದರೆ ಅದು ಒಪ್ಪುವ ಮದ್ದು. ಇ10, ಇ20 ಇಂಧನದಲ್ಲಿ ಆ ಕೆಲಸ ಮಾಡಲು ಲೀಟರುಗಟ್ಟಲೆ ಎಥನಾಲ್ ಆಗಲೇ ಇದೆ; ಅಷ್ಟಿದ್ದೂ ಪದರ ಒಡೆದಿದೆಯೆಂದರೆ ಒಂದು ಬಾಟಲಿ ಆಲ್ಕೊಹಾಲ್‌ನಿಂದ ಆಗುವುದು ಬಹಳವೇನಿಲ್ಲ. ಡೀಸೆಲಿಗೆ ಆಲ್ಕೊಹಾಲ್ ಹಾಕುವುದು ತಪ್ಪೇ ಸರಿ, ಅದು ಇದ್ದ ಜಾರುತನವನ್ನೂ ಕೆಡಿಸುತ್ತದೆ. ಡೀಸೆಲಿನ ಅಡಿಟಿವ್‌ಗಳಲ್ಲೂ ಎರಡು ಬಗೆ: ನೀರನ್ನು ಸಣ್ಣ ಹನಿಗಳಾಗಿ ಒಡೆದು ಇಂಧನದಲ್ಲೇ ತೇಲಿಸುವಂಥದ್ದು ಒಂದು, ಹನಿಗಳನ್ನು ಕೂಡಿಸಿ ತಳಕ್ಕಿಳಿಸುವಂಥದ್ದು ಇನ್ನೊಂದು. ಫಿಲ್ಟರಿನ ಬಟ್ಟಲು ಹಿಡಿಯಬೇಕಾದ ನೀರನ್ನು ಮೊದಲನೆಯದು ಅದರ ಕಣ್ಣು ತಪ್ಪಿಸಿ ಇಂಜೆಕ್ಟರಿನವರೆಗೆ ಕಳಿಸಬಲ್ಲದು. ಆದ್ದರಿಂದ ಕಾಮನ್ ರೈಲ್ ಎಂಜಿನ್ನಿಗೆ ಎರಡನೆಯದೇ ಮೇಲು.

ಅಡಿಟಿವ್‌ಗೂ ಫಿಲ್ಟರಿನ ಬಟ್ಟಲಿಗೂ ಮೀರಿದಷ್ಟು ನೀರಿದ್ದರೆ ಟ್ಯಾಂಕ್ ಖಾಲಿ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ. ಇದು ಮನೆಯ ಗ್ಯಾರೇಜಿನಲ್ಲಿ ಮಾಡುವ ಕೆಲಸವಲ್ಲ ಎಂದು ಒತ್ತಿ ಹೇಳಬೇಕಾಗಿದೆ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪುತ್ತದೆ. ಪೈಪಿಗೆ ಬಾಯಿ ಹಚ್ಚಿ ಎಳೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ತೆಗೆದ ಇಂಧನವನ್ನು ಚರಂಡಿಗೋ ಮಣ್ಣಿಗೋ ಸುರಿಯದೆ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಬೇಕು.

ಬಂಕಿನ ಇಂಧನದ ಮೇಲೆ ಅನುಮಾನವಿದ್ದರೆ ಟ್ಯಾಂಕ್ ತೊಳೆಯುವ ಮೊದಲೇ ತಳದ ಮಾದರಿಯನ್ನು ಮುಚ್ಚಳ ಬಿಗಿಯಾದ ಗಾಜಿನ ಬಾಟಲಿಯಲ್ಲಿ ತೆಗೆದಿಟ್ಟು, ದಿನಾಂಕ, ಓಡಿದ ಕಿಲೋಮೀಟರ್ ಬರೆದು, ಬಿಲ್ಲಿನ ಜೊತೆ ಇರಿಸಿಕೊಳ್ಳಬೇಕು. ತಯಾರಕರ ವಾರಂಟಿ ಕೆಟ್ಟ ಇಂಧನದಿಂದಾದ ಹಾನಿಯನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುವುದಿಲ್ಲ. ಪರಿಹಾರ ಕೇಳಬೇಕಾದದ್ದು ಇಂಧನ ಮಾರಿದವರ ಬಳಿ, ಅಲ್ಲಿ ಬರೀ ಮಾತಿಗೆ ಬೆಲೆಯಿಲ್ಲ. ತೊಳೆದ ಟ್ಯಾಂಕಿನ ಕಾರು ಆಮೇಲೆ ಏನನ್ನೂ ಸಾಬೀತು ಮಾಡಲಾರದು.

ಖಾಲಿ ಮಾಡಿಸುವಾಗ ಮೆಕ್ಯಾನಿಕ್ ಬಳಿ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟ್ ಇರುವ ಹಲವು ಕಾರುಗಳಲ್ಲಿ ಟ್ಯಾಂಕ್ ಕುದುರೆಯ ಜೀನಿನ ಆಕಾರದಲ್ಲಿ ಆ ಶಾಫ್ಟಿನ ಎರಡೂ ಬದಿಗೆ ಇಳಿಬಿದ್ದಿರುತ್ತದೆ. ಪಂಪು ಒಂದು ಬದಿಯಲ್ಲಿದ್ದು, ಇನ್ನೊಂದು ಬದಿಯ ಇಂಧನವನ್ನು ಬೇರೊಂದು ಕೊಳವೆ ಈ ಕಡೆಗೆ ಎಳೆದುಕೊಡುತ್ತದೆ. ಪಂಪಿನ ಬದಿಯನ್ನಷ್ಟೇ ಒರೆಸಿ, ಹೊಸ ಫಿಲ್ಟರ್ ಹಾಕಿ ಕಳಿಸಿದರೆ ಆಚೆ ಬದಿಯ ನೀರು ಕಾರು ಓಡಿದಾಗ ಈಚೆಗೆ ಬರುತ್ತದೆ, ರಿಪೇರಿ ಆದ ವಾರದೊಳಗೆ ಹಳೆಯ ತೊಂದರೆ ಮತ್ತೆ ಶುರುವಾಗುತ್ತದೆ. ಎರಡೂ ಬದಿ ಖಾಲಿಯಾಗಿದೆಯೇ, ಕೊಳವೆಗಳಲ್ಲಿ ಮತ್ತು ರೈಲಿನಲ್ಲಿ ನಿಂತಿದ್ದ ಹಳೆಯ ಇಂಧನವನ್ನು ಹೊರಹಾಕಲಾಗಿದೆಯೇ ಎಂದು ನೋಡಿಕೊಂಡು, ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಫಿಲ್ಟರನ್ನು ಇನ್ನೊಮ್ಮೆ ಬಿಚ್ಚಿಸಿ ನೋಡಬೇಕು.